ಮುಪ್ಪಿನ ಪುಡಿಗೆ ನಾನು ಕೊಟ್ಟ ಸರ್ಟಿಫಿಕೇಟು

ಹುಕ್ಕೇರಿ ದವಾಖಾನೆಗೆ ಹೊಸದಾಗಿ ಫಾರ್ಮಾಸಿಸ್ಟ್ ಆಗಿ ಸೇರಿದ ಹುಡುಗಿಯೊಬ್ಬಳು ಕಳೆದ ತಿಂಗಳು ಗೋಕಾಕದ ನಮ್ಮ ಮನೆಗೆ ಬಂದಿದ್ದಳು. ಮೂವತ್ತು ವರ್ಷಕ್ಕೂ ಮೇಲೆ ನಾನು ಅದೇ ಕೆಲಸ ಮಾಡಿ ನಿವೃತ್ತಳಾದವಳು ಎಂದು ಯಾರೋ ಅವಳಿಗೆ ಹೇಳಿದ್ದರಂತೆ. ಚಹಾ ಕುಡಿದಾದ ಮೇಲೆ ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಬಂಗಾರದ ಬಣ್ಣದ ಮುಚ್ಚಳ, ಹೊರಮೈ ತುಂಬ ನಗುನಗುತ್ತ ಓಡುತ್ತಿರುವ ಬಿಳಿಕೂದಲಿನ ಗಂಡ ಹೆಂಡತಿ.

“ಮೇಡಂ, ಇಂಥಾ ಡಬ್ಬಿ ಹಿಡಕೊಂಡ ಮಂದಿ ದಿನಾ ನನ್ನ ಕಿಡಕಿಗೆ ಬರ್ತಾರ್ರಿ. ಇದನ್ನ ತಗೊಂಡ್ರ ವಯಸ್ಸ ಹಿಂದ ಹೋಗ್ತೈತಂತ, ತಗೋಬೇಕೋ ಬ್ಯಾಡೋ ಅಂತ ಕೇಳ್ತಾರ. ನಾ ಏನ ಹೇಳ್ಲಿ?”

ಆ ದಿನ ಅವಳಿಗೆ ಅರ್ಧ ಉತ್ತರವನ್ನಷ್ಟೇ ಕೊಟ್ಟು ಕಳಿಸಿದೆ. ಪೂರ್ತಿ ಉತ್ತರ ಕೊಡಬೇಕೆಂದರೆ ನನ್ನ ನೌಕರಿಯಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪನ್ನು ಹೇಳಬೇಕಾಗುತ್ತದೆ. ಎದುರು ಕೂತ ಹುಡುಗಿಯ ಮುಖ ನೋಡಿಕೊಂಡು ಹೇಳಲು ಬಾಯಿ ಬರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಊರುಗಳ ಹೆಸರು ಇದ್ದಂತೆಯೇ ಇಟ್ಟಿದ್ದೇನೆ, ಮನುಷ್ಯರ ಹೆಸರು ಬದಲಿಸಿದ್ದೇನೆ. ಸಿಟ್ಟನ್ನು ಬದಲಿಸಿಲ್ಲ. ಅದು ಇನ್ನೂ ಹಾಗೆಯೇ ಇದೆ.

ಸರ್ಕಾರಿ ದವಾಖಾನೆಯ ಫಾರ್ಮಾಸಿಸ್ಟ್ ಎಂದರೆ ಕಬ್ಬಿಣದ ಸರಳಿನ ಒಂದು ಕಿಟಕಿ. ಆಚೆ ಸಾಲು, ಈಚೆ ನಾವು. ಒಬ್ಬೊಬ್ಬರಿಗೆ ಅರ್ಧ ನಿಮಿಷ ಸಿಕ್ಕರೆ ಹೆಚ್ಚು. ನಾನು ಮೂಡಲಗಿಯಲ್ಲಿ ಸೇರಿದಾಗ ಕೆಮ್ಮಿನ ಔಷಧವನ್ನು ದೊಡ್ಡ ಜಾಡಿಯಿಂದ ಅಳೆದು ಹಾಕುತ್ತಿದ್ದೆವು. ಬಾಟಲಿ ಮನೆಯಿಂದ ತರಬೇಕು. ಒಬ್ಬ ಸಾರಾಯಿ ಬಾಟಲಿ ತಂದರೆ ಇನ್ನೊಬ್ಬ ಎಣ್ಣೆಯ ಬಾಟಲಿ ತರುತ್ತಿದ್ದ. ಗುಳಿಗೆಗಳನ್ನು ಹಳೆಯ ಕಾಗದದಲ್ಲಿ ಕಟ್ಟಿ, ಓದು ಬಾರದವರಿಗಾಗಿ ಮೇಲೆ ಸೂರ್ಯ ಚಂದ್ರರನ್ನು ಬರೆದುಕೊಡುತ್ತಿದ್ದೆ. ಆಮೇಲೆ ಗುಳಿಗೆಯ ಪಟ್ಟಿಗಳು ಬಂದವು, ಕಂಪ್ಯೂಟರ್ ಬಂತು. ಜನ ಮಾತ್ರ ನನ್ನನ್ನು ಕೊನೆಯವರೆಗೂ ‘ಗುಳಿಗಿ ಬಾಯಾರು’, ಅಂದರೆ ಗುಳಿಗೆಯ ಮೇಡಂ, ಎಂದೇ ಕರೆದರು.

ಸೇರಿದ ಹೊಸತರಲ್ಲಿ ಒಬ್ಬ ಮುದುಕನಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಕೊಟ್ಟು, “ಊಟಾದ ಕೂಡ್ಲೆ ಒಂದೊಂದ ತಗೋಳ್ರಿ” ಎಂದಿದ್ದೆ. ತಿಂಗಳಾದರೂ ಸಕ್ಕರೆ ಇಳಿಯಲಿಲ್ಲ. ಗುಳಿಗೆ ತೆಗೆದುಕೊಳ್ಳುತ್ತಿಲ್ಲವೆಂದು ಅವನನ್ನು ಕಿಟಕಿಯಲ್ಲೇ ಗದರಿಸಿದೆ. ಅವನು ಮೆಲ್ಲಗೆ, “ಬಾಯಾರ, ನಾ ಉಣ್ಣೂದ ಒಂದ ಹೊತ್ತರಿ” ಎಂದ. ಒಳಗಿನಿಂದ ಇದನ್ನು ಕೇಳಿಸಿಕೊಂಡ ನಮ್ಮ ವೈದ್ಯಾಧಿಕಾರಿ ಹೂಗಾರ ಡಾಕ್ಟರು ಅವನನ್ನು ಕೂರಿಸಿಕೊಂಡು ಮಾತಾಡಿದರು. ಆಮೇಲೆ ನನ್ನ ಬಳಿ ಬಂದು, “ಗುಳಿಗಿ ಕೊಡೂ ಮೊದಲ ಅವರ ದಿನಾ ಹ್ಯಾಂಗ ಹೋಗ್ತೈತಿ ಅನ್ನೂದನ್ನ ಕೇಳವಾ. ಕೇಳಲಾರದ ಹೇಳಬ್ಯಾಡ” ಎಂದರು. ನನ್ನ ಡಿಪ್ಲೊಮಾದ ಯಾವ ಪುಸ್ತಕದಲ್ಲೂ ಇರದ ಪಾಠ ಅದು. ಮುಂದೆ ಯಾವ ದಿನ ಅದು ಬೇಕಾಗಿತ್ತೋ ಆ ದಿನವೇ ನಾನದನ್ನು ಮರೆತೆ.

ಮುಪ್ಪು ಓಡಿಸುವ ಔಷಧ ನಮ್ಮ ಕಡೆ ಹೊಸದೇನಲ್ಲ. ಮೂಡಲಗಿ ಸಂತೆಗೆ ಜೀಪಿನಲ್ಲಿ ಮೈಕ್ ಕಟ್ಟಿಕೊಂಡು ಬರುತ್ತಿದ್ದವನೊಬ್ಬ ಲೇಹ್ಯ ಮಾರುತ್ತಿದ್ದ. ಎಂಬತ್ತರ ಮುದುಕ ಮತ್ತೆ ಕುಸ್ತಿಗೆ ಇಳಿದ ಕತೆ ಹೇಳುತ್ತಿದ್ದ. ಹೂಗಾರ ಡಾಕ್ಟರು ಒಂದು ಡಬ್ಬಿ ತರಿಸಿ, ಬೆರಳಲ್ಲಿ ನೆಕ್ಕಿ, “ಬೆಲ್ಲಾ ಛಲೋ ಐತಿ” ಎಂದು ನಕ್ಕರು. ಕೆಲವು ಸಲ ನಗಲಿಲ್ಲ. ಮೊಣಕಾಲು ನೋವು ಮಾಯವಾಗಿ ಮುಖ ಹುಣ್ಣಿಮೆಯ ಚಂದ್ರನಂತೆ ಊದಿಕೊಂಡು ಬಂದವರನ್ನು ತೋರಿಸಿ, ಅಂಥ ಲೇಹ್ಯದಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆಂದು ನನಗೆ ಕಲಿಸಿದರು. ಆದರೂ ಆ ಜೀಪಿನವನ ವಿಷಯದಲ್ಲಿ ಒಂದು ಸಮಾಧಾನವಿತ್ತು. ಅವನು ಪರವೂರಿನವನು. ಜನ ಅವನನ್ನು ಅರ್ಧ ನಂಬುತ್ತಿದ್ದರು, ಅರ್ಧ ನಗುತ್ತಿದ್ದರು. ಅವನ ಮಾತಿಗೆ ಯಾರೂ ದವಾಖಾನೆ ಬಿಡುತ್ತಿರಲಿಲ್ಲ.

ಆಮೇಲೆ ಬಂದದ್ದು ಬೇರೆ ತರಹದ ವ್ಯಾಪಾರ. ಅಂಗಡಿಯಿಲ್ಲ, ಮೈಕಿಲ್ಲ, ಮಾರುವವನು ಪರವೂರಿನವನೂ ಅಲ್ಲ. ನಿಮ್ಮ ನಾದಿನಿ, ನಿಮ್ಮ ವಿಮೆಯ ಏಜೆಂಟ್, ನಿಮ್ಮ ಮಗಳಿಗೆ ಅಕ್ಷರ ಕಲಿಸಿದ ಮಾಸ್ತರ. ಅವರು ಡಬ್ಬಿ ಮಾರಿದರೆ ಸಾಲದು, ಕೊಂಡವರನ್ನೂ ಮಾರುವವರನ್ನಾಗಿ ಮಾಡಬೇಕು. ಅವರ ಕೆಳಗೆ ನೀವು, ನಿಮ್ಮ ಕೆಳಗೆ ನಿಮ್ಮ ಅಕ್ಕ, ಅಕ್ಕನ ಕೆಳಗೆ ಅವಳ ಬೀಗಿತ್ತಿ. ಹೀಗೆ ಇಡೀ ಬಳಗವೇ ಒಂದು ಸರಪಳಿಯಾದ ಮೇಲೆ, ‘ಇದು ಕೆಲಸ ಮಾಡುತ್ತದೆಯೇ’ ಎಂದು ಯಾರು ಯಾರನ್ನು ಕೇಳಬೇಕು? ಕೇಳಿದರೆ ನಂಟು ಮುರಿಯುತ್ತದೆ. ಅರಭಾವಿ ದಾಟಿ ಮೂಡಲಗಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ನನಗೇ, “ಆಂಟೀ, ನಿಮ್ಮ ಮುಖಾ ಭಾಳ ಬಾಡೈತಿ, ಇದನ್ನ ತಗೋರಿ” ಎಂದು ಡಬ್ಬಿ ತೋರಿಸಿದ್ದಳು. ಅಂದು ನಕ್ಕುಬಿಟ್ಟೆ. ಆ ನಗೆಗೆ ಈಗ ನಾಚಿಕೆಯಾಗುತ್ತದೆ.

ನಾಗನೂರಿನ ಲಕ್ಕವ್ವ ಕುರಿ ಕಾಯುವ ಮನೆತನದವಳು. ಸ್ವಲ್ಪ ಹೊಲವಿತ್ತು, ಆದರೆ ಅವಳ ಜೀವ ಇದ್ದದ್ದು ಕುರಿಗಳಲ್ಲಿ. ಅವುಗಳ ಹಿಂದೆ ದಿನವಿಡೀ ನಡೆದೇ ಅವಳು ಅರವತ್ತು ದಾಟಿದ್ದಳು. ಸಕ್ಕರೆ, ರಕ್ತದೊತ್ತಡ ಎರಡೂ ಇದ್ದವು. ತಿಂಗಳಿಗೊಮ್ಮೆ ತಪ್ಪದೆ ಬಂದು, ಸಾಲಿನಲ್ಲಿ ನಿಂತು, ಕಿಟಕಿಗೆ ಬಂದ ಕೂಡಲೇ, “ನಿಮ್ಮ ಊಟ ಆತೇನ್ರಿ ಬಾಯಾರ?” ಎಂದು ಕೇಳುತ್ತಿದ್ದವಳು ಅವಳೊಬ್ಬಳೇ.

ಒಂದು ಸಲ ಗುಳಿಗೆ ತೆಗೆದುಕೊಂಡ ಮೇಲೆ ಸೆರಗಿನಿಂದ ಬಂಗಾರದ ಮುಚ್ಚಳದ ಡಬ್ಬಿ ತೆಗೆದಳು.

“ಸಂಗಪ್ಪ ಮಾಸ್ತರ ಕೊಟ್ಟಾರ್ರಿ. ದ್ರಾಕ್ಷಿ ಬೀಜದ್ದಂತ. ಒಳಗಿನ ವಯಸ್ಸ ಕಡಿಮಿ ಮಾಡ್ತೈತಂತ. ಇದರಿಂದ ಏನರ ತ್ರಾಸ ಐತೇನ್ರಿ?”

ಸಂಗಪ್ಪ ಮಾಸ್ತರರನ್ನು ನಾನೂ ಬಲ್ಲೆ. ಇಸ್ತ್ರಿಯ ಬಿಳಿ ಅಂಗಿ, ಮೆದು ಮಾತು. ಆ ಭಾಗದ ಅರ್ಧ ಊರಿಗೆ ಪಾಠ ಹೇಳಿದವರು. ಡಬ್ಬಿಯನ್ನು ತಿರುಗಿಸಿ ನೋಡಿದೆ. ದ್ರಾಕ್ಷಿ ಬೀಜದ ಸಾರ, ಒಂದೆರಡು ವಿಟಮಿನ್, ಸತುವು. ಆ ಪ್ರಮಾಣದಲ್ಲಿ ವಿಷವಲ್ಲ, ಅಮೃತವೂ ಅಲ್ಲ. ಹಿಂದೆ ಸಾಲು ಬಾಗಿಲಾಚೆಗೂ ಹೋಗಿತ್ತು, ಯಾರೋ ಕೂಗುತ್ತಿದ್ದರು. ಡಬ್ಬಿಯನ್ನು ಸರಳಿನ ಸಂದಿಯಿಂದ ವಾಪಸು ಕೊಟ್ಟು, “ತ್ರಾಸೇನ ಇಲ್ಲ ಬೇ” ಎಂದೆ.

ಇಷ್ಟೇ ನಾನು ಮಾಡಿದ್ದು. ಡಬ್ಬಿಯಲ್ಲಿ ಏನಿದೆ ಎಂದು ಓದಿದೆ, ಅವಳ ತಲೆಯಲ್ಲಿ ಏನಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು. ಗುಳಿಗೆಗಳು ಮೈಯಲ್ಲಿ ಕೂತು ಕಿಡ್ನಿ ತಿನ್ನುತ್ತವೆ, ಪುಡಿ ಶುರುಮಾಡುವಾಗ ಗುಳಿಗೆ ಬಿಡಬೇಕು, ಇಲ್ಲದಿದ್ದರೆ ಪುಡಿಯ ಗುಣ ಹತ್ತುವುದಿಲ್ಲ ಎಂದು ಮಾಸ್ತರ ಅವಳಿಗೆ ಹೇಳಿದ್ದರು. ನಾನು ‘ತ್ರಾಸಿಲ್ಲ’ ಎಂದದ್ದು ಪುಡಿಗೆ. ಅವಳು ಕೇಳಿಸಿಕೊಂಡದ್ದು ಗುಳಿಗೆ ಬಿಡುವುದಕ್ಕೆ.

ಮರು ತಿಂಗಳು ಅವಳು ಬರಲಿಲ್ಲ. ಕುರಿ ಹೊಡೆದುಕೊಂಡು ದೂರ ಹೋಗಿರಬೇಕು ಎಂದುಕೊಂಡೆ. ಅದರ ಮರು ತಿಂಗಳು ಅವಳ ನೆನಪೇ ಆಗಲಿಲ್ಲ.

ಅವಳು ಬಂದಾಗ ಟಂಟಂ ಗಾಡಿಯಲ್ಲಿ, ಮಗನ ಹೆಗಲ ಮೇಲೆ ಬಂದಳು. ಬಲಗಾಲಿಗೆ ಸೀರೆಯ ತುಂಡು ಸುತ್ತಿದ್ದರು. ವಾಸನೆ ಔಷಧ ಕೋಣೆಯವರೆಗೂ ಬಂತು. ಹೊಲದಲ್ಲಿ ಜಾಲಿ ಮುಳ್ಳು ಹೊಕ್ಕಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಏರಿದ ಸಕ್ಕರೆ ಕಾಲಿನ ಅರಿವನ್ನೇ ಕೊಂದಿತ್ತು. ಮುಳ್ಳು ಒಳಗೇ ಇದ್ದು ಪಾದ ಕಪ್ಪಾಗಿತ್ತು. ಬೆಳಗಾವಿಗೆ ಕಳಿಸಿದೆವು. ಅರ್ಧ ಪಾದ ತೆಗೆದರು.

ತಿಂಗಳುಗಟ್ಟಲೆ ಆದ ಮೇಲೆ ಕೋಲೂರಿಕೊಂಡು ಮತ್ತೆ ಕಿಟಕಿಗೆ ಬಂದಳು. ನನ್ನ ಊಟದ ವಿಚಾರ ಕೇಳಲಿಲ್ಲ. ಗುಳಿಗೆ ಯಾಕೆ ಬಿಟ್ಟೆ ಎಂದು ನಾನೇ ಕೇಳಿದೆ. ಗದರುವ ದನಿಯಲ್ಲೇ ಕೇಳಿದೆ ಎಂದು ಹೇಳಿಬಿಡುತ್ತೇನೆ.

“ನಿಮ್ಮನ್ನ ಕೇಳೇ ಬಿಟ್ಟಿದ್ನೆಲ್ರಿ,” ಎಂದಳು. “ತ್ರಾಸೇನ ಇಲ್ಲ ಅಂದ್ರಿ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದಳು. ನಾಗನೂರಿನಲ್ಲಿ ಮಾಸ್ತರರು, ‘ಮೂಡಲಗಿ ದವಾಖಾನೆಯ ಬಾಯಾರೇ ಒಪ್ಪಿದ್ದಾರೆ’ ಎಂದು ಮನೆಮನೆಗೆ ಹೇಳುತ್ತಿದ್ದರೆಂಬುದು ಆಗ ಗೊತ್ತಾಯಿತು. ಆ ದಿನ ಹೇಗೆ ಕೆಲಸ ಮುಗಿಸಿದೆನೋ ನೆನಪಿಲ್ಲ.

ಸ್ವಲ್ಪ ದಿನಕ್ಕೆ ನನಗೆ ಹುಕ್ಕೇರಿಗೆ ವರ್ಗವಾಯಿತು. ಅಲ್ಲಿನ ದೊಡ್ಡ ಡಾಕ್ಟರ ಮೇಜಿನ ಮೇಲೆ, ಪೇಶೆಂಟ್ ಕೂರುವ ಕುರ್ಚಿಗೆ ಎದುರಾಗಿ, ಅದೇ ಬಂಗಾರದ ಮುಚ್ಚಳದ ಡಬ್ಬಿ! ಅವರ ಹೆಂಡತಿ ಆ ಸರಪಳಿಯಲ್ಲಿ ದೊಡ್ಡ ಹುದ್ದೆಗೆ ಏರಿದ್ದರು. ಡಾಕ್ಟರು ಯಾರಿಗೂ ಬಾಯಿಬಿಟ್ಟು ತಗೊಳ್ಳಿ ಎನ್ನುತ್ತಿರಲಿಲ್ಲ. ಡಬ್ಬಿಯೇ ಹೇಳುತ್ತಿತ್ತು. ಲಕ್ಕವ್ವನ ಕತೆ ಹೇಳಿ, ಅದನ್ನು ಅಲ್ಲಿಂದ ತೆಗೆಯಿರಿ ಎಂದು ಕೇಳಿಕೊಂಡೆ.

“ನಾ ಬರ್ದ ಕೊಡಾಕತ್ತಿಲ್ಲಲ್ರಿ,” ಎಂದರು. “ಮಂದಿ ತಮ್ಮ ಖುಷಿಲೆ ತಗೋತಾರ. ನಿಮಗ್ಯಾಕ ಬೇಕು ಊರ ಉಸಾಬರಿ? ರಿಟೈರ್ ಆಗೂ ಹೊತ್ತಿಗೆ ಸುಮ್ನ ಇರ್ರಿ.”

ಸುಮ್ಮನಿರಲಿಲ್ಲ. ಬೆಲ್ಲದ ಬಾಗೇವಾಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ ರವಿವಾರ ಬೆಳಿಗ್ಗೆ ಅವರ ಸಭೆ ಇದೆಯೆಂದು ಗೊತ್ತಾಗಿ ಹೋದೆ. ಮದುವೆಗೆ ಸೇರಿದಷ್ಟು ಜನ. ಬಾಗಿಲಲ್ಲಿ ಗುಲಾಬಿ, ಉಪ್ಪಿಟ್ಟು, ಚಹಾ. ವೇದಿಕೆಯ ಮೇಲೆ ಕೋಟು ಹಾಕಿಕೊಂಡು ನಿಂತವರು ಸಂಗಪ್ಪ ಮಾಸ್ತರರೇ! ಮಾಸ್ತರಿಕೆ ಬಿಟ್ಟಿರಲಿಲ್ಲ. ಪಾಠ ಹೇಳುವ ದನಿಯಲ್ಲೇ ಹೇಳುತ್ತಿದ್ದರು: “ಇದನ್ನ ವ್ಯಾಪಾರ ಅನಬ್ಯಾಡ್ರಿ. ಇದು ಕಾಯಕ. ನಾಕ ಮಂದಿಗೆ ಆರೋಗ್ಯ ಹಂಚಿದ್ರ ಅದ ದಾಸೋಹ.”

ನನ್ನ ಅಪ್ಪ ನೇಯ್ಗೆಯವನು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ನೂಲು ಕಡಿಮೆ ಹಾಕಿ ಸೀರೆ ನೇಯುವವನ ಮನೆಯಲ್ಲಿ ನೀರೂ ಕುಡಿಯಬಾರದೆಂದು ನಮಗೆ ಹೇಳಿದವನು. ಕಾಯಕವೆಂಬ ಮಾತನ್ನು ಆ ಬಾಯಲ್ಲಿ ಕೇಳಿದಾಗ ನನಗೆ ಕಾಲಿನಿಂದ ತಲೆಯವರೆಗೆ ಉರಿಯಿತು.

ಆಮೇಲೆ ಮಾಸ್ತರರು ಒಂದು ಪ್ರಯೋಗ ಮಾಡಿದರು. ಗಾಜಿನ ಲೋಟದ ನೀರಿಗೆ ಗಾಯಕ್ಕೆ ಹಚ್ಚುವ ಅಯೋಡಿನ್ ಹನಿ ಹಾಕಿದರು. ನೀರು ಕಂದಾಯಿತು. “ಇದು ನಮ್ಮ ರಕ್ತದಾಗ ಕೂತ ಮುಪ್ಪು,” ಎಂದರು. ಚಮಚೆ ಪುಡಿ ಹಾಕಿ ಕಲಕಿದರು. ನೀರು ತಿಳಿಯಾಯಿತು. ಸಭೆ ಚಪ್ಪಾಳೆ ತಟ್ಟಿತು.

ಫಾರ್ಮಸಿ ಓದಿದ ಯಾರಿಗಾದರೂ ಗೊತ್ತಿರುವ ಆಟ ಇದು. ಪುಡಿಯಲ್ಲಿರುವ ವಿಟಮಿನ್ ಸಿ ಅಯೋಡಿನ್ನಿನ ಬಣ್ಣ ತೆಗೆಯುತ್ತದೆ. ಲೋಟದಲ್ಲಿ ಬಣ್ಣ ಹೋದರೆ ಮೈಯಲ್ಲಿ ಮುಪ್ಪು ಹೋಗುವುದಿಲ್ಲ. ನಾನು ಎದ್ದು ಅಡುಗೆಮನೆಗೆ ಹೋಗಿ, ಉಪ್ಪಿಟ್ಟಿಗೆ ಹೆಚ್ಚಿಟ್ಟಿದ್ದ ನಿಂಬೆಹಣ್ಣಿನ ಹೋಳುಗಳನ್ನು ತಂದೆ. “ಮಾಸ್ತರ, ಇನ್ನೊಂದ ಲೋಟ ಮಾಡ್ರಿ” ಎಂದೆ. ಅವರು ನನ್ನ ಗುರುತು ಹಿಡಿದರು. ಬೇಡ ಎನ್ನುವಂತಿರಲಿಲ್ಲ, ಜನ ನೋಡುತ್ತಿದ್ದರು. ಕಂದು ನೀರಿಗೆ ನಾಲ್ಕು ಹೋಳು ಹಿಂಡಿದೆ. ತಿಳಿಯಾಯಿತು.

ಸಭೆ ನಕ್ಕಿತು. ಯಾರೋ ಸೀಟಿ ಹೊಡೆದರು. ಗೆದ್ದೆ ಎಂದುಕೊಂಡೆ. ಮಾಸ್ತರರು ಒಂದು ಕ್ಷಣ ತಡೆದು, ನಗುತ್ತ, “ನೋಡ್ರಿ, ನಿಸರ್ಗದ ಶಕ್ತಿ! ಇಂಥಾ ನೂರಾರು ನಿಂಬಿಹಣ್ಣಿನ ಶಕ್ತಿ ಈ ಒಂದ ಡಬ್ಬಿಯೊಳಗ ಐತಿ” ಎಂದರು. ಮತ್ತೆ ಚಪ್ಪಾಳೆ. ಅಂದು ಸದಸ್ಯರಾಗಲು ಹೆಸರು ಬರೆಸುವವರ ಸಾಲು ನನ್ನ ಕಿಟಕಿಯ ಸಾಲಿಗಿಂತ ಉದ್ದವಿತ್ತು.

ಹೊರಗೆ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ಡಬ್ಬಿ ಹಿಡಿದು ನಿಂತಿದ್ದಳು. ನಿಂಬೆಹಣ್ಣು ನೋಡಿದ ಮೇಲೂ ಯಾಕೆ ತಗೊಂಡೆ ಎಂದು ಕೇಳಿದೆ. ಅವಳು ಬೇಸರಿಸಿಕೊಳ್ಳಲಿಲ್ಲ. “ಬಾಯಾರ, ಇಲ್ಲಿ ನನಗ ಸ್ಟೇಜಿಗೆ ಕರದ ಮೇಡಂ ಅಂತಾರ್ರಿ. ನಿಂಬಿಹಣ್ಣ ಮಾರಿದ್ರ ಯಾರ ಅಂತಾರ?” ಎಂದಳು. ಡಬ್ಬಿಯ ಒಳಗಿರುವುದನ್ನಷ್ಟೇ ನಾನು ತೂಗುತ್ತಿದ್ದೆ. ಇವಳು ಕೊಂಡದ್ದು ಅದನ್ನಲ್ಲವೇ ಅಲ್ಲ. ಜೀವಮಾನದಲ್ಲಿ ಒಮ್ಮೆಯೂ ಯಾರೂ ಕೊಡದ ಮರ್ಯಾದೆಯನ್ನು ಕೊಂಡಿದ್ದಳು. ಆ ಹಸಿವನ್ನು ಕಂಡುಹಿಡಿದು ಅದರ ಮೇಲೆ ವ್ಯಾಪಾರ ಕಟ್ಟಿದವರ ಮೇಲೆ ನನಗಿದ್ದ ಸಿಟ್ಟು ಅಂದು ಇಮ್ಮಡಿಯಾಯಿತು.

ಹುಕ್ಕೇರಿಗೆ ಮರಳಿ ದೂರು ಬರೆದೆ. ಆಹಾರ ಸುರಕ್ಷತೆಯ ಅಧಿಕಾರಿ ಬಂದರು. ಸಜ್ಜನ, ದುಡಿಯುವ ಮನುಷ್ಯ. ಡಬ್ಬಿಗಳನ್ನು ಪಂಚರ ಎದುರು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬಂದ ದಿನ ಅವರೇ ಫೋನ್ ಮಾಡಿ ಕರೆದರು.

“ಮೇಡಂ, ಡಬ್ಬಿ ಮ್ಯಾಲ ಏನ ಬರದೈತಿ ಅದ ಒಳಗೈತಿ. ಕಲಬೆರಕಿ ಇಲ್ಲ. ಇದು ಔಷಧ ಅಲ್ಲ, ಯಾವ ಜಡ್ಡನೂ ವಾಸಿ ಮಾಡೂದಿಲ್ಲ ಅಂತ ಅವರ ಬರದಾರ, ನೋಡ್ರಿ.”

ನೋಡಿದೆ. ಡಬ್ಬಿಯ ತಳದ ಅಂಚಿನಲ್ಲಿ, ಇರುವೆಗಿಂತ ಸಣ್ಣ ಅಕ್ಷರದಲ್ಲಿ, ನಾಗನೂರಿನಲ್ಲಿ ಯಾರೂ ಓದದ ಇಂಗ್ಲಿಷಿನಲ್ಲಿ ಸತ್ಯ ಬರೆದಿತ್ತು.

“ಸುಳ್ಳ ಬಾಯಾಗ ಐತಿ,” ಎಂದೆ.

“ಹೌದ್ರಿ. ಬಾಯಿ ಮಾತನ್ನ ನಾ ಹ್ಯಾಂಗ ಸೀಲ್ ಮಾಡ್ಲಿ? ಗುಳಿಗಿ ಬಿಡು ಅಂತ ಇಂಥವರು ನನಗ ಹೇಳಿದ್ರು ಅಂತ ಯಾರರ ಬರದ ಕೊಟ್ರ ಮುಂದ ಹೋಗಬಹುದು.”

ಬರೆದುಕೊಡಬೇಕಾದವಳು ಲಕ್ಕವ್ವ. ರಜೆ ಹಾಕಿ ನಾಗನೂರಿಗೆ ಹೋದೆ. ಅವಳು ಕಟ್ಟೆಯ ಮೇಲೆ ಕೂತಿದ್ದಳು. ಕುರಿಗಳನ್ನು ಮಾರಿದ್ದರು. ಅವುಗಳ ಹಿಂದೆ ನಡೆಯುವವರಿರಲಿಲ್ಲ. ನನ್ನ ಮಾತು ಕೇಳಿ ತಲೆಯಾಡಿಸಿದಳು.

“ಒಲ್ಲೆರಿ. ಮಾಸ್ತರ ನನ್ನ ಮಗಳಿಗೆ ಕಲಿಸ್ಯಾರ. ಕಾಲ ತಗದಾಗ ದವಾಖಾನಿಗೆ ಬಂದ ಹಣ್ಣ ಕೊಟ್ಟ ಹೋದ್ರು. ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಹೇಳಿದವರ ಮ್ಯಾಲ ಕಾಗದಾ ಬರೀಬಾರದು.”

ದೂರು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ವಾರವಾಗುವುದರೊಳಗೆ ನನ್ನ ತಂಗಿ ವಾಟ್ಸ್ಆ್ಯಪ್‌ನಲ್ಲಿ ಒಂದು ಚಿತ್ರ ಕಳಿಸಿ, “ಅಕ್ಕಾ, ಈ ಪುಡಿ ಛಲೋ ಐತಂತಲ್ಲ?” ಎಂದು ಕೇಳಿದಳು. ಆ ಪ್ರಯೋಗಾಲಯದ ವರದಿಯ ಚಿತ್ರ. ಮೇಲೆ ಹಸಿರು ಅಕ್ಷರದಲ್ಲಿ: ‘ಸರ್ಕಾರಿ ಲ್ಯಾಬಿನಿಂದ ಪಾಸಾದ ಪುಡಿ!’ ನನ್ನ ದೂರಿನ ಮೇಲೆ, ನನ್ನ ಸರ್ಕಾರ, ನನ್ನ ಸಿಟ್ಟಿನಿಂದ ತಯಾರಿಸಿದ ಜಾಹೀರಾತು. ಮೊದಲ ಸರ್ಟಿಫಿಕೇಟನ್ನು ಬಾಯಿಂದ ಕೊಟ್ಟಿದ್ದೆ, ಎರಡನೆಯದನ್ನು ಸೀಲು ಸಮೇತ ಕೊಡಿಸಿದೆ. ದೊಡ್ಡ ಡಾಕ್ಟರು ಅಂದು ನನ್ನನ್ನು ಕಂಡು ಮುಗುಳ್ನಕ್ಕರು. ಮೇಜಿನ ಮೇಲೆ ಡಬ್ಬಿ ಎರಡಾಗಿದ್ದವು.

ಕೊನೆಯ ಪೋಸ್ಟಿಂಗ್ ಗೋಕಾಕ. ನನ್ನ ಮನೆ ಇರುವ ಊರೇ. ಕೆಲಸ ಸೇರಿ ಸ್ವಲ್ಪ ದಿನವಾಗಿತ್ತು. ಮಧ್ಯಾಹ್ನ ಹೊರರೋಗಿ ವಿಭಾಗ ಮುಚ್ಚುವ ಹೊತ್ತು, ಟೋಪಿ ಹಾಕಿ ಮುಖಕ್ಕೆ ಕರವಸ್ತ್ರ ಕಟ್ಟಿದ ಒಬ್ಬರು ಚೀಟಿಯನ್ನು ಕಿಟಕಿಯೊಳಗೆ ಚಾಚಿದರು. ಸಕ್ಕರೆಯ ಗುಳಿಗೆ, ರಕ್ತದೊತ್ತಡದ ಗುಳಿಗೆ. ಲಕ್ಕವ್ವನಿಗೆ ನಾನು ಕೊಡುತ್ತಿದ್ದವೇ. ಚೀಟಿಯ ಮೇಲೆ ಹೆಸರು ಓದಿದೆ. ಮತ್ತೆ ಓದಿದೆ.

“ಮಾಸ್ತರ?”

ಅವರು ತಲೆಯೆತ್ತಿದರು. ನನಗೆ ಇಲ್ಲಿಗೆ ವರ್ಗವಾಗಿದ್ದು ಅವರಿಗೆ ಗೊತ್ತಿರಲಿಲ್ಲ. ಮೂಡಲಗಿಯಲ್ಲಿ ಗುರುತಿನವರು ನೋಡುತ್ತಾರೆಂದು ಇಷ್ಟು ದೂರ ಬರುತ್ತಿದ್ದರು. ಕಡತ ನೋಡಿದೆ. ವರ್ಷಗಳಿಂದ, ಒಂದು ತಿಂಗಳೂ ತಪ್ಪಿಸದೆ ಒಯ್ದಿದ್ದರು. ಲಕ್ಕವ್ವನಿಗೆ ಗುಳಿಗೆ ಬಿಡು ಎಂದ ತಿಂಗಳೂ ಒಯ್ದಿದ್ದರು.

“ನೀವು ಗುಳಿಗಿ ಬಿಟ್ಟಿಲ್ಲೇನ್ರಿ?”

“ಅದು… ಡಾಕ್ಟರು ಬಿಡಬ್ಯಾಡ್ರಿ ಅಂದಾರವಾ. ನಂದ ಸ್ವಲ್ಪ ಜಾಸ್ತಿ ಐತಿ.”

“ಲಕ್ಕವ್ವನ್ದು ಕಡಿಮಿ ಇತ್ತೇನ?”

ಆ ಗುಳಿಗೆ ಪಟ್ಟಿಗಳನ್ನು ಅವರ ಮುಖದ ಮೇಲೆ ಎಸೆಯಬೇಕೆನಿಸಿತು. ಕೊಡುವುದಿಲ್ಲ, ನಿನ್ನ ಪುಡಿಯನ್ನೇ ತಿನ್ನು ಎನ್ನಬೇಕೆನಿಸಿತು. ಈ ಕೆಲಸಕ್ಕೆ ಹೊಸದಾಗಿ ಸೇರಿದವರೇ, ಕೇಳಿ. ಆ ಕಿಟಕಿಯಲ್ಲಿ ಕೂತವರಿಗೆ ಆ ಹಕ್ಕಿಲ್ಲ. ಎದುರಿಗಿರುವವನು ಎಂಥವನೇ ಆಗಿರಲಿ, ಚೀಟಿ ತಂದರೆ ಅವನು ರೋಗಿ. ಎಣಿಸಿ ಕೊಟ್ಟೆ. ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಎಂದೂ ಹೇಳಿದೆ. ಕೊನೆಗೆ ಒಂದೇ ಮಾತು: “ಹೋಗಿ ಅಕಿ ಮುಂದ ನೀವ ಹೇಳ್ರಿ. ನಾ ಹೇಳಾಕ ಬರೂದಿಲ್ಲ.”

“ಹೇಳ್ತೇನಿ” ಎಂದರು. ಹೇಳಲಿಲ್ಲ. ಮರು ತಿಂಗಳಿನಿಂದ ಗುಳಿಗೆಗೆ ಬೇರೆ ಯಾರನ್ನೋ ಕಳಿಸತೊಡಗಿದರು.

ಒಬ್ಬ ರೋಗಿಯ ಗುಟ್ಟನ್ನು ಇನ್ನೊಬ್ಬರಿಗೆ ಹೇಳಬಾರದು. ಅದು ನಮ್ಮ ವೃತ್ತಿಯ ಮೊದಲ ನಿಯಮ, ಒಳ್ಳೆಯ ನಿಯಮ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿವೃತ್ತಳಾದೆ. ಹಾರ ಹಾಕಿ, ಶಾಲು ಹೊದಿಸಿ, ತಪ್ಪಿಲ್ಲದ ಸೇವೆ ಎಂದು ಹೊಗಳಿದರು. ಮರುವಾರ ನಾಗನೂರಿಗೆ ಹೋದೆ.

ಈ ಸಲ ಕಾಗದ ಕೇಳಲು ಹೋಗಿರಲಿಲ್ಲ. ಲಕ್ಕವ್ವನ ಎದುರು ನೆಲದ ಮೇಲೆ ಕೂತು, “ಅವತ್ತ ನಾ ತಪ್ಪ ಹೇಳ್ದೆ. ನಿನ್ನ ಪೂರ್ತಿ ಕೇಳಬೇಕಾಗಿತ್ತು, ಕೇಳಲಿಲ್ಲ” ಎಂದೆ.

ನಾನು ಅವಳನ್ನು ಕಂಡಷ್ಟು ವರ್ಷಗಳಲ್ಲಿ ಮೊದಲ ಸಲ, ಸಿಟ್ಟಿನಿಂದ ಮಾತಾಡಿದಳು.

“ಮಾಸ್ತರಗ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು. ಅದಕ್ಕ ನಿಮ್ಮನ್ನ ಕೇಳಾಕ ಬಂದಿದ್ದೆ.”

ಮಾಸ್ತರರಿಗೂ ಗೊತ್ತಿತ್ತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ನುಂಗಿದೆ. ಆದರೆ ಅಲ್ಲಿ ಕೂತಾಗ ನನಗೊಂದು ದಾರಿ ಹೊಳೆಯಿತು. ಉತ್ತರ ಹೇಳುವುದಕ್ಕೆ ನನಗೆ ಹಕ್ಕಿಲ್ಲ. ಪ್ರಶ್ನೆ ಕಲಿಸುವುದಕ್ಕೆ ಯಾರ ಅಡ್ಡಿ?

“ಲಕ್ಕವ್ವಾ,” ಎಂದೆ, “ಇನ್ನ ಮ್ಯಾಲ ಯಾರರ ಇಂಥಾದ್ದ ಮಾರಾಕ ಬಂದ್ರ, ಡಬ್ಬಿಯೊಳಗ ಏನೈತಿ ಅಂತ ಕೇಳಬ್ಯಾಡ. ಇದಕ್ಕಾಗಿ ನೀವು ಏನ ಬಿಟ್ಟೀರಿ ಅಂತ ಕೇಳು. ಯಾರ ಬಂದ್ರೂ ಕೇಳು.”

ಅವಳು ನನ್ನ ಮುಖವನ್ನೇ ನೋಡಿದಳು. ಕುರಿ ಕಾದವಳ ಕಣ್ಣು, ದೂರದಲ್ಲಿ ಮರಿ ಕುಂಟಿದರೂ ಕಾಣುವಂಥದ್ದು. ನಾನು ಎದ್ದು ಹೊರಟಾಗ, “ಶುಕ್ರವಾರ ನಮ್ಮ ಸಂಘದ ಮೀಟಿಂಗ್ ಐತಿ. ಬರ್ರಿ,” ಎಂದಳು.

ಶುಕ್ರವಾರ ಸಮುದಾಯ ಭವನದಲ್ಲಿ ಹೆಣ್ಣುಮಕ್ಕಳ ಸಂಘದ ಸಭೆ. ಬಾಗಿಲ ಬಳಿ ಕೂತೆ. ಮಾಸ್ತರರು ಹೊಸ ಡಬ್ಬಿಗಳನ್ನು ತಂದಿದ್ದರು. ಮೇಜಿನ ಮೇಲೆ ಜೋಡಿಸಿ ಒಳಗಿನ ವಯಸ್ಸಿನ ಮಾತು ಶುರುಮಾಡಿದ್ದರಷ್ಟೇ, ಲಕ್ಕವ್ವ ಕೋಲೂರಿ ಮುಂದೆ ಹೋದಳು. ಖಾಲಿ ಕುರ್ಚಿಯೊಂದನ್ನು ಎಳೆದು, ಚಪ್ಪಲಿ ಬಿಚ್ಚಿ, ಸುತ್ತಿದ ಬಟ್ಟೆ ಬಿಚ್ಚಿ, ಅರ್ಧ ಪಾದವನ್ನು ಕುರ್ಚಿಯ ಮೇಲಿಟ್ಟಳು. ಅಲ್ಲಿದ್ದ ಹೆಂಗಸರು ಅವಳ ಕಾಲಿನ ಸುದ್ದಿ ಕೇಳಿದ್ದರು. ಬಟ್ಟೆಯಿಲ್ಲದೆ ಯಾರೂ ನೋಡಿರಲಿಲ್ಲ.

“ನಿಮ್ಮ ಮ್ಯಾಲ ನಾ ಕಾಗದಾ ಬರಿಯೂದಿಲ್ಲ ಮಾಸ್ತರ. ನಿಮ್ಮನ್ನ ಒಂದ ಮಾತ ಕೇಳ್ತೇನಿ,” ಎಂದಳು. “ಈ ಪುಡಿ ಸಲವಾಗಿ ನಾ ಗುಳಿಗಿ ಬಿಟ್ಟೆ. ನಿಮಗೂ ಸಕ್ರಿ ಐತಿ ಅಂತ ಪುಡಿ ಕೊಡೂ ಮುಂದ ನೀವ ಹೇಳಿದ್ರಿ. ನೀವು ಬಿಟ್ಟೀರೇನು?”

ಮಾಸ್ತರರು ನನ್ನತ್ತ ನೋಡಿದರು. ನಾನು ಅವರನ್ನೇ ನೋಡುತ್ತಿದ್ದೆ, ಬಾಯಿ ತೆರೆದಿರಲಿಲ್ಲ. ಬಿಟ್ಟೆ ಎಂದು ಅವರು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ನಾನೇನೂ ಮಾಡುವಂತಿರಲಿಲ್ಲ. ಅವರ ಕಣ್ಣು ಕುರ್ಚಿಯ ಮೇಲಿನ ಪಾದಕ್ಕೆ ಇಳಿಯಿತು. ಅಲ್ಲಿಂದ ಏಳಲಿಲ್ಲ.

“ಇಲ್ಲವಾ,” ಎಂದರು.

“ಒಂದ ದಿನಾನೂ?”

“ಇಲ್ಲ.”

ಲಕ್ಕವ್ವ ಬಟ್ಟೆ ಸುತ್ತಿಕೊಳ್ಳತೊಡಗಿದಳು. ಮೊದಲ ಸಾಲಿನವಳೊಬ್ಬಳು ತನ್ನ ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟಳು. ಇನ್ನು ಕೆಲವರು ಇಟ್ಟರು. ಎಲ್ಲರೂ ಇಡಲಿಲ್ಲ. ಇಬ್ಬರು, ದುಡ್ಡು ಕೊಟ್ಟದ್ದಲ್ಲವೇ ಎಂದು ಡಬ್ಬಿಯನ್ನು ಸೆರಗಿನಲ್ಲಿಟ್ಟುಕೊಂಡೇ ಮನೆಗೆ ಹೋದರು. ಮಾಸ್ತರರು ನಾಗನೂರಿನಲ್ಲಿ ಮಾರುವುದನ್ನು ನಿಲ್ಲಿಸಿದರು. ಬೇರೆ ಊರುಗಳಲ್ಲಿ ಆ ಸಭೆಗಳು ಇಂದಿಗೂ ನಡೆಯುತ್ತವೆ, ಬೇರೆ ಮಾಸ್ತರರು ನಡೆಸುತ್ತಾರೆ.

ಆದ್ದರಿಂದ, ಹುಕ್ಕೇರಿಯ ಹುಡುಗೀ, ಯಾರಾದರೂ ನಿನ್ನ ಕಿಟಕಿಗೆ ಆ ಡಬ್ಬಿ ತಂದರೆ ಅದನ್ನು ಕೈಗೆ ತಗೊಂಡು ಓದುತ್ತ ನಿಲ್ಲಬೇಡ. ಮುಪ್ಪನ್ನು ಹಿಂದೆ ತಿರುಗಿಸುವ ಪುಡಿಯನ್ನು ನಾನು ನನ್ನ ನೌಕರಿಯಲ್ಲಿ ಒಂದನ್ನೂ ಕಾಣಲಿಲ್ಲ, ಅಷ್ಟು ಹೇಳು. ಆದರೆ ಅದಕ್ಕೂ ಮೊದಲು, ಇದನ್ನು ಶುರುಮಾಡಲು ಏನನ್ನು ಬಿಡುತ್ತಿದ್ದೀರಿ ಎಂದು ಕೇಳು. ಹಿಂದಿನವರು ಕೂಗಲಿ, ದೊಡ್ಡ ಡಾಕ್ಟರು ಸಿಡುಕಲಿ, ಉತ್ತರ ಬರುವವರೆಗೆ ಕಿಟಕಿ ಬಿಡಬೇಡ.

ಅಂದು ಸಭೆ ಮುಗಿದ ಮೇಲೆ ಭವನದ ಮೆಟ್ಟಿಲ ಬಳಿ ಲಕ್ಕವ್ವನಿಗೆ ಕೈ ಚಾಚಿದೆ. ಮೂರು ಮೆಟ್ಟಿಲು, ಎತ್ತರದವು. ಅವಳು ಕೈ ನೋಡಿದಳು. ಹಿಡಿಯಲಿಲ್ಲ.

“ನೀವ ಇಳೀರಿ ಬಾಯಾರ,” ಎಂದಳು. “ನಾ ಬರ್ತೇನಿ.”

ನಾನು ಕೆಳಗೆ ನಿಂತು ನೋಡಿದೆ. ಕೋಲನ್ನು ಮೊದಲು ಕೆಳಗಿಟ್ಟು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದಳು. ಇಳಿದು, ನನ್ನ ಪಕ್ಕದಿಂದ ಹಾದು, ಮನೆಯ ಕಡೆ ನಡೆದಳು.